ದುಬೈನಿಂದ ಮಸ್ಕಿಗೆ ಎಷ್ಟು ತಾಸು

ಪೂಜಾ, ಲಿಂಗಸುಗೂರಿನ ಟಿಕೆಟ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ದಿನ ನೀನು ಫೋನ್ ಮಾಡಿ, "ಅಜ್ಜೀ, ನೀನೂ ಇದ ಕೆಲಸ ಮಾಡೀದಿ, ಏನರ ಹೇಳಿಕೊಡು" ಎಂದೆ. ನನಗೆ ಫೋನಿನಲ್ಲಿ ಏನೂ ಹೊಳೆಯಲಿಲ್ಲ. "ಊಟ ಆತೇನು" ಎಂದು ಕೇಳಿ ಇಟ್ಟುಬಿಟ್ಟೆ. ಆಮೇಲೆ ಎರಡು ದಿನ ಅದೇ ಮನಸ್ಸಿನಲ್ಲಿ ಉಳಿಯಿತು. ಬಾಯಿಗಿಂತ ಕೈ ನನಗೆ ಮೊದಲಿನಿಂದಲೂ ಸಲೀಸು. ಅದಕ್ಕೆ ಈ ನೋಟುಬುಕ್ಕು. ನಿನ್ನ ತಮ್ಮಂದಿರೂ ಬೇಕಾದರೆ ಓದಲಿ.

ನಾನು ವಳಕಮದಿನ್ನಿಯ ಶಾಲೆಯಲ್ಲಿ ಏಳನೆಯ ತನಕ ಓದಿದವಳು. ನಿಮ್ಮ ಅಜ್ಜ ತೀರಿಕೊಂಡಾಗ ನಿನ್ನಪ್ಪ ಇನ್ನೂ ಹೈಸ್ಕೂಲಿನಲ್ಲಿದ್ದ. ಸಿಂಧನೂರಿನಲ್ಲಿ ವಿಮಾನದ ಟಿಕೆಟ್ ಮಾಡಿಸಿಕೊಡುತ್ತಿದ್ದ ಖಾದರ್ ಸಾಹೇಬರು ಅಜ್ಜನ ಗೆಳೆಯರು. ಎರಡು ತಿಂಗಳಾದ ಮೇಲೆ ಒಂದು ದಿನ ಬಂದು ಹೊಸ್ತಿಲ ಹೊರಗೇ ನಿಂತರು.

"ತಂಗೀ, ನಿನ್ನ ಅಕ್ಷರ ಗುಂಡಗ ಅದಾವ ಅಂತ ನಿನ್ನ ಗಂಡ ಹೇಳ್ತಿದ್ದ. ನನ್ನ ಅಂಗಡ್ಯಾಗ ಬರಿಯೋ ಕೆಲಸ ಐತಿ."

"ಮಂದಿ ಜೋಡಿ ಮಾತಾಡಬೇಕೇನ್ರಿ?" ಎಂದು ನಾನು ಬಾಗಿಲ ಹಿಂದಿನಿಂದ ಕೇಳಿದೆ.

"ಮಾತು ನಂದು. ಅಕ್ಷರ ನಿಂದು."

ಆ ಒಂದು ಮಾತಿನ ಮೇಲೆ ನಾನು ಕೆಲಸಕ್ಕೆ ಹೋದದ್ದು. ನಾನು ಇವತ್ತಿನ ತನಕ ವಿಮಾನ ಹತ್ತಿದವಳಲ್ಲ, ಅದು ನಿನಗೆ ಗೊತ್ತು. ಹತ್ತಿರದಿಂದ ನೋಡಿದವಳೂ ಅಲ್ಲ. ಆದರೆ ಎಷ್ಟೋ ಮಂದಿಯನ್ನು ಹತ್ತಿಸಿ ಕಳಿಸಿದ್ದೇನೆ.

ಅಂಗಡಿ ಅಂದರೆ ಒಂದು ಮೇಜು, ಒಂದು ಬೆಂಚು, ಗೋಡೆಯ ಮೇಲೆ ಲೋಕದ ದೊಡ್ಡ ನಕಾಶೆ. ಹೈದರಾಬಾದಿನ ಮೇಲೆ ಸಾಹೇಬರು ಒಂದು ಮೊಳೆ ಹೊಡೆದು ಕೆಂಪು ದಾರ ಕಟ್ಟಿದ್ದರು. ಯಾರಾದರೂ ದೂರ ಕೇಳಿದರೆ ಆ ದಾರವನ್ನು ಎಳೆದು ತೋರಿಸುವರು. ನಮ್ಮ ಕಡೆಯವರು ಹೆಚ್ಚಾಗಿ ಹೋಗುತ್ತಿದ್ದದ್ದು ದುಬೈಗೆ, ರಿಯಾದಿಗೆ, ಉಮ್ರಾ ಎಂಬ ಮೆಕ್ಕಾ ಯಾತ್ರೆ ಮಾಡುವವರು ಜಿದ್ದಾಕ್ಕೆ. ಮೊದಮೊದಲು ಟಿಕೆಟ್ ಬೇಕೆಂದರೆ ಸಾಹೇಬರು ಹೈದರಾಬಾದಿನ ಏಜೆಂಟರಿಗೆ ಫೋನ್ ಮಾಡುವರು. ಎರಡು ದಿನಕ್ಕೆ ಟಿಕೆಟ್ ಬಸ್ ಕಂಡಕ್ಟರ್ ಕೈಯಲ್ಲಿ ಬರುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು. ಈಗ ನಿಮ್ಮ ಫೋನಿನಲ್ಲೇ ಎಲ್ಲ ಬರುತ್ತದಂತೆ.

ಒಂದು ಮಾತು ನೆನಪಿಡು. ಕಂಪ್ಯೂಟರ್ ದೂರವನ್ನು ಕಿಲೋಮೀಟರಿನಲ್ಲಿ ಹೇಳುತ್ತದೆ. ನಮ್ಮ ಮಂದಿ ಅದನ್ನು ಎಂದೂ ಕೇಳುವುದಿಲ್ಲ. "ಎಷ್ಟು ಹೊತ್ತಿನ ಬುತ್ತಿ ಕಟ್ಟಲಿ?" ಎಂದು ಕೇಳುತ್ತಾರೆ. ದುಬೈ ಎರಡೂವರೆ ಸಾವಿರ ಕಿಲೋಮೀಟರ್ ಎಂದರೆ ಅವರಿಗೆ ಏನೂ ಆಗದು. "ಮನಿ ಬಿಟ್ಟು ಅಲ್ಲಿ ಮುಟ್ಟೋತನ ಎರಡು ಹೊತ್ತಿನ ರೊಟ್ಟಿ ಬೇಕು, ಮೂರನೇ ಹೊತ್ತಿಗೆ ಮಗಳ ಮನ್ಯಾಗ ಉಣ್ಣಬಹುದು" ಎಂದರೆ ಮುಖ ಬೆಳಗುತ್ತದೆ. ಹಾಗಾಗಿ ನಾನು ಪ್ರತಿ ಟಿಕೆಟಿನ ಜೊತೆ ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡುತ್ತಿದ್ದೆ. ಊರು ಬಿಡುವುದು ಎಷ್ಟಕ್ಕೆ, ಹೈದರಾಬಾದಿನ ವಿಮಾನ ನಿಲ್ದಾಣ ಎಷ್ಟಕ್ಕೆ, ವಿಮಾನದಲ್ಲಿ ಎಷ್ಟು ತಾಸು, ಇಳಿಯುವುದು ಎಷ್ಟಕ್ಕೆ, ಗುಳಿಗೆ ಯಾವಾಗ. ಬಾಯಿಂದ ಹೇಳುವ ಕೆಲಸ ಅದರಿಂದ ತಪ್ಪುತ್ತಿತ್ತು. ನನಗೂ ಅದೇ ಬೇಕಾಗಿತ್ತು.

ಮೊದಲ ತಪ್ಪು ಆ ಚೀಟಿಯಲ್ಲೇ ಆಯಿತು.

ಗುರುಗುಂಟಾದಿಂದ ನಿಂಗಮ್ಮ ಅಂತ ಒಬ್ಬ ಹಿರಿಯಾಕೆ, ಕುರಿ ಕಾಯುವ ಮನೆತನದವಳು, ಮಗಳ ಬಾಣಂತನಕ್ಕೆ ದುಬೈಗೆ ಹೊರಟಿದ್ದಳು. ಟಿಕೆಟಿನಲ್ಲಿ ಹೈದರಾಬಾದ್ ಬಿಡುವುದು ಹತ್ತಕ್ಕೆ, ದುಬೈ ಮುಟ್ಟುವುದು ಹನ್ನೆರಡೂವರೆಗೆ ಎಂದಿತ್ತು. ಹನ್ನೆರಡೂವರೆಯಲ್ಲಿ ಹತ್ತು ಕಳೆದರೆ ಎರಡೂವರೆ. ನಾನು "ವಿಮಾನದಲ್ಲಿ ಎರಡೂವರೆ ತಾಸು" ಎಂದು ಗುಂಡಗೆ ಬರೆದುಕೊಟ್ಟೆ. ಆ ಹನ್ನೆರಡೂವರೆ ದುಬೈನ ಗಡಿಯಾರದ್ದು, ಅದು ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ ಇರುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಲೋಕಕ್ಕೆಲ್ಲ ಒಂದೇ ಗಡಿಯಾರ ಎಂದು ತಿಳಿದಿದ್ದೆ.

ಮೂರು ತಿಂಗಳಿಗೆ ನಿಂಗಮ್ಮ ತಿರುಗಿ ಬಂದವಳು ಬಸ್ಸಿನಿಂದ ಇಳಿದು ನೇರ ಅಂಗಡಿಗೇ ಬಂದಳು.

"ಎಲ್ಲೆದಾಳ ಆ ಚೀಟಿ ಬರಿಯೋಕಿ?"

ನಾನು ಎದ್ದು ನಿಂತೆ.

"ಎರಡೂವರೆ ತಾಸು ಅಂತ ಬರೆದಿದ್ದಿ. ಬಾಜೂ ಕುಂತವ ಎರಡೂವರೆ ಆತು ಅಂದ. ಮ್ಯಾಲೆ ಮೂರು ಆತು, ಮೂರೂವರೆ ಆತು, ಕೆಳಗ ನೋಡಿದ್ರ ಬರೇ ನೀರು. ಪೈಲೆಟ್ಟು ದಾರಿ ತಪ್ಪ್ಯಾನ ಅಂತ ಮಾಡಿದೆ. ನಾ ಅಮರೇಶ್ವರಗ ಎರಡು ಟಗರಿನ ಹರಕಿ ಬೇಡಿಕೊಂಡೀನಿ. ಈಗ ಅವನ್ನ ಯಾರು ಕೊಡೋರು, ನಾನೋ ನೀನೋ?"

ಸಾಹೇಬರು ನಗು ತಡೆಯಲಾರದೆ ಹೊರಗೆ ಹೋದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ನಿಂಗಮ್ಮ ಮಾತ್ರ ಸೆರಗಿನಲ್ಲಿ ಕಟ್ಟಿದ್ದ ಖರ್ಜೂರ ತೆಗೆದು ನನ್ನ ಮುಂದೆ ಇಟ್ಟಳು. "ತಿನ್ನು. ಮೊಮ್ಮಗ ಹುಟ್ಟ್ಯಾನ" ಎಂದಳು.

ಅಂದು ಸಂಜೆ ಸಾಹೇಬರು ಗೋಡೆಗೆ ಎರಡನೆಯ ಗಡಿಯಾರ ತಂದು ಹಾಕಿದರು. ಅದರ ಕೆಳಗೆ ದುಬೈ ಎಂದು ಬರೆಯಿಸಿದರು.

"ನೋಡು ತಂಗೀ, ಅಲ್ಲಿ ತಾಸಿಗೆ ಒಂದೂವರೆ ಕೂಡಿಸಿದ್ರ ನಮ್ಮ ತಾಸು. ಇದೊಂದು ಮರೀಬ್ಯಾಡ."

ನಾನು ಮರೆಯಲಿಲ್ಲ. ಎರಡನೆಯ ತಪ್ಪು ಆದದ್ದು ಮರೆಯದೇ ಇದ್ದುದರಿಂದಲೇ.

ಆಮೇಲೆ ನಾನೊಂದು ನೋಟುಬುಕ್ಕು ಇಟ್ಟೆ. ಎರಡು ಊರಿನ ನಡುವೆ ವಿಮಾನಕ್ಕೆ ಹೋಗುವಾಗ ಎಷ್ಟು ತಾಸು, ಬರುವಾಗ ಎಷ್ಟು ತಾಸು ಎಂದು ನಮ್ಮ ಗಡಿಯಾರದ ಪ್ರಕಾರ ಬರೆಯುತ್ತಿದ್ದೆ. ಬರೆಯುತ್ತಾ ಹೋದಂತೆ ಒಂದು ಸಂಗತಿ ಕಂಡಿತು. ದುಬೈಗೆ ಹೋಗುವಾಗ ನಾಲ್ಕು ತಾಸು ಹಿಡಿದರೆ ಬರುವಾಗ ಅದಕ್ಕಿಂತ ಕಡಿಮೆ. ದಾರಿ ಅದೇ, ದೂರ ಅದೇ. ಸಾಹೇಬರನ್ನು ಕೇಳಿದೆ. "ಮ್ಯಾಲೆ ಗಾಳಿ ಪಶ್ಚಿಮದಿಂದ ಬೀಸ್ತೈತಿ. ಹೋಗೋವಾಗ ಎದುರಿಗೆ, ಬರೋವಾಗ ಬೆನ್ನಿಗೆ. ಸೈಕಲ್ ಹೊಡದಂಗ" ಎಂದರು. ಊರಿಗೆ ಬರುವ ದಾರಿ ಚಿಕ್ಕದಾಗುತ್ತದೆ ಎಂಬುದು ನನಗೆ ಬಹಳ ಸೇರಿತು.

ಈಗ ಮಸ್ಕಿಯ ಸಂಗತಿ ಹೇಳುತ್ತೇನೆ. ಇದನ್ನು ನಿನ್ನಪ್ಪನಿಗೂ ಪೂರಾ ಹೇಳಿಲ್ಲ.

ಮಸ್ಕಿಯ ರಜಾಕ್ ದುಬೈನಲ್ಲಿ ಏಸಿ ರಿಪೇರಿ ಮಾಡುತ್ತಿದ್ದ. ಅವನ ತಾಯಿ ಮಾಬಮ್ಮ, ತಂಗಿ ಶಾಹೀನ ಊರಿನಲ್ಲಿದ್ದರು. ಮನೆಗೆ ಹಿರಿಯ ಅಂದರೆ ಅವನ ಚಿಕ್ಕಪ್ಪ ಹುಸೇನ್‌ಸಾಬ್. ಚಳಿಗಾಲದ ಒಂದು ಸಂಜೆ ಮಾಬಮ್ಮ ತೀರಿಕೊಂಡಳು. ರಜಾಕ್ ಬೆಳಗಿನ ವಿಮಾನಕ್ಕೆ ಟಿಕೆಟ್ ಮಾಡಿಸಿ, "ಅಕ್ಕಾ, ಮನಿಯವರಿಗೆ ತಿಳಿಸ್ರಿ" ಎಂದು ಅದನ್ನು ನಮ್ಮ ಅಂಗಡಿಯ ಕಂಪ್ಯೂಟರಿಗೆ ಕಳಿಸಿದ್ದ. ಖಾದರ್ ಸಾಹೇಬರು ಉಮ್ರಾಕ್ಕೆ ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬಳೇ.

ಮುಂಜಾನೆ ಬಾಗಿಲು ತೆಗೆಯುವುದರೊಳಗೆ ಹುಸೇನ್‌ಸಾಬರ ಫೋನ್ ಬಂತು.

"ಅಮ್ಮಾ, ನಮ್ಮ ರಜಾಕ್ ಮಸ್ಕಿ ಮುಟ್ಟಾಕ ಎಷ್ಟು ಆಗ್ತೈತಿ? ಇಳಿಹೊತ್ತಿನ ಅಸರ್ ನಮಾಜಿಗೆ ಬಂದಾನಂದ್ರ ಅವನ ಸಲುವಾಗಿ ಕಾಯ್ತೀವಿ. ಹೊತ್ತು ಮುಳುಗುತನ ಅಂದ್ರ ಇಡಾಕ ಬರಂಗಿಲ್ಲ. ಹಿರಿಯರು ಒಪ್ಪಂಗಿಲ್ಲ. ನೆಟ್ಟಗ ನೋಡಿ ಹೇಳ್ರಿ."

ಟಿಕೆಟಿನಲ್ಲಿ ದುಬೈ ಬಿಡುವುದು ಐದಕ್ಕೆ, ಹೈದರಾಬಾದ್ ಇಳಿಯುವುದು ಹತ್ತು ಗಂಟೆ ಹತ್ತು ನಿಮಿಷಕ್ಕೆ ಎಂದಿತ್ತು. ದುಬೈ ಟಿಕೆಟ್ ಕಂಡ ಕೂಡಲೇ ನನ್ನ ಕಣ್ಣು ಎರಡನೆಯ ಗಡಿಯಾರದ ಮೇಲೆ ಹೋಯಿತು. ಒಂದೂವರೆ ಕೂಡಿಸಬೇಕು. ಕೂಡಿಸಿದೆ. ಹನ್ನೊಂದು ನಲವತ್ತು. ಹೊರಗೆ ಬರಲು ಮುಕ್ಕಾಲು ತಾಸು, ಕಾರಿನಲ್ಲಿ ಐದೂವರೆ ತಾಸು.

"ಆರು ಆಗ್ತೈತ್ರಿ. ಹೊತ್ತು ಮುಳುಗ್ತೈತಿ" ಎಂದೆ.

"ಹೋಗ್ಲಿ ಬಿಡ್ರಿ. ಅವನ ನಸೀಬಿನಾಗ ಇಲ್ಲ. ಜೋಹರ್ ನಮಾಜ್ ಮುಗಿಸಿ, ಎರಡಕ್ಕ ಒಯ್ತೀವಿ" ಎಂದು ಇಟ್ಟರು.

ಹನ್ನೆರಡರ ಸುಮಾರಿಗೆ ಮಂದಿ ಕಡಿಮೆಯಾದಾಗ ನೋಟುಬುಕ್ಕು ತೆಗೆದು ಆ ದಿನದ ವಿಮಾನ ಬರೆಯಲು ಕುಳಿತೆ. ದುಬೈ ಬಿಟ್ಟದ್ದು ನಮ್ಮ ತಾಸಿಗೆ ಆರೂವರೆ. ಇಳಿಯುವುದು ಹನ್ನೊಂದು ನಲವತ್ತು. ವಿಮಾನದಲ್ಲಿ ಐದು ತಾಸು ಹತ್ತು ನಿಮಿಷ. ಬರೆದು ಮೇಲಿನ ಸಾಲು ನೋಡಿದೆ. ಮೂರು ತಾಸು ನಲವತ್ತು ನಿಮಿಷ. ಅದರ ಮೇಲಿನದೂ ಹಾಗೇ. ಇಡೀ ಪುಟದಲ್ಲಿ ದುಬೈನಿಂದ ಬಂದ ಯಾವ ವಿಮಾನವೂ ನಾಲ್ಕು ತಾಸು ದಾಟಿರಲಿಲ್ಲ. ಗಾಳಿ ಬೆನ್ನಿಗಿರುವಾಗ ಇದೊಂದಕ್ಕೆ ಐದು ತಾಸು ಹೇಗೆ?

ಆಗ ಹೊಳೆಯಿತು. ವಿಮಾನ ಯಾವ ಊರಿನಲ್ಲಿ ಇಳಿಯುತ್ತದೋ ಟಿಕೆಟಿನಲ್ಲಿ ಆ ಊರಿನ ತಾಸೇ ಇರುತ್ತದೆ. ಹತ್ತು ಹತ್ತು ಅಂದರೆ ನಮ್ಮ ಹತ್ತು ಹತ್ತೇ. ಅದಕ್ಕೆ ಏನೂ ಕೂಡಿಸಬೇಕಾಗಿರಲಿಲ್ಲ. ರಜಾಕ್ ಆಗಲೇ ಇಳಿದು ಕಾರಿನಲ್ಲಿ ಬರುತ್ತಿದ್ದ. ನಾಲ್ಕೂವರೆಗೆಲ್ಲ ಮಸ್ಕಿ ಮುಟ್ಟುತ್ತಿದ್ದ. ಎರಡು ಗಂಟೆಗೆ ಅವನ ತಾಯಿಯನ್ನು ಒಯ್ಯುತ್ತಿದ್ದರು, ನನ್ನ ಮಾತು ನಂಬಿ.

ಹುಸೇನ್‌ಸಾಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಆ ಮನೆಯ ಇನ್ನೊಂದು ನಂಬರ್ ನಮ್ಮಲ್ಲಿ ಇರಲಿಲ್ಲ. ರಜಾಕನ ದುಬೈ ಸಿಮ್ಮು ಇಲ್ಲಿ ನಡೆಯುತ್ತಿರಲಿಲ್ಲ. ಪಕ್ಕದ ಟೇಲರ್ ಅಂಗಡಿಯವರಿಗೆ "ಸ್ವಲ್ಪ ನೋಡ್ಕೊಳ್ರಿ" ಎಂದು ಹೇಳಿ, ಮಸ್ಕಿಯ ಮೇಲೆ ಹೋಗುವ ಲಿಂಗಸುಗೂರು ಬಸ್ಸು ನಿಂತಿತ್ತು, ಹತ್ತಿದೆ.

ಬಸ್ಸಿನಲ್ಲಿ ಕುಳಿತು ಚೀಟಿ ಬರೆದೆ. "ನಾನು ಮುಂಜಾನೆ ಹೇಳಿದ್ದು ತಪ್ಪು. ರಜಾಕ್ ನಾಲ್ಕೂವರೆಗೆ ಬರುತ್ತಾನೆ. ದಯಮಾಡಿ ಕಾಯಿರಿ." ಬಸ್ಸು ಕುಲುಕಿ ಅಕ್ಷರ ಗುಂಡಗೆ ಬರಲಿಲ್ಲ. ಚೀಟಿ ಕೊಟ್ಟು ಒಂದು ಕಡೆ ನಿಂತರಾಯಿತು, ಮಾತಾಡುವ ಪ್ರಸಂಗ ಬರಲಿಕ್ಕಿಲ್ಲ ಎಂದುಕೊಂಡೆ.

ಮಸ್ಕಿಯಲ್ಲಿ ಇಳಿದು ಕೇಳುತ್ತಾ ಹೋದೆ. ಮನೆಯ ಮುಂದೆ ಶಾಮಿಯಾನ, ಕುರ್ಚಿಗಳ ತುಂಬ ಗಂಡಸರು. ಹೊರುವ ಡೋಲಿ ಗೋಡೆಗೆ ಒರಗಿಸಿತ್ತು. ಬಿಳಿ ಗಡ್ಡದ ಹುಸೇನ್‌ಸಾಬರನ್ನು ಅಂಗಡಿಯಲ್ಲಿ ಒಮ್ಮೆ ನೋಡಿದ್ದೆ. ಹತ್ತಿರ ಹೋಗಿ ಚೀಟಿ ಚಾಚಿದೆ. ಅವರು ಹಿಂದೆ ಮುಂದೆ ತಿರುಗಿಸಿದರು.

"ಕನ್ನಡ ಓದಾಕ ಬರಂಗಿಲ್ಲಮ್ಮ ನನಗ. ಉರ್ದು ಇದ್ರ ಓದ್ತಿದ್ದೆ. ಏನೈತಿ ಬಾಯಿಲೆ ಹೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ಗಂಡಸರ ಮುಂದೆ ನಾನು ನನ್ನ ಹೆಸರನ್ನೂ ಎಂದೂ ಹೇಳಿದವಳಲ್ಲ, ಪೂಜಾ. ಸೆರಗು ತಲೆಯ ಮೇಲೆ ಎಳೆದುಕೊಂಡು ನೆಲ ನೋಡುತ್ತಾ ಹೇಳಿದೆ.

"ನಾ ಮುಂಜಾನೆ ತಪ್ಪು ಹೇಳಿದೆರಿ. ನಿಮ್ಮ ಹುಡುಗ ಹತ್ತಕ್ಕ ಹೈದರಾಬಾದಿನಾಗ ಇಳದಾನ. ದಾರ್ಯಾಗ ಅದಾನ. ಅಸರ್ ಹೊತ್ತಿಗೆ ಬರ್ತಾನ. ಒಯ್ಯಬ್ಯಾಡ್ರಿ."

ಹಿಂದಿನಿಂದ ಒಬ್ಬರು, "ಮುಂಜಾನೆ ಒಂದು ಹೇಳ್ತೀರಿ, ಮಧ್ಯಾಹ್ನ ಒಂದು ಹೇಳ್ತೀರಿ. ಸಂಜಿಗೆ ಮತ್ತೊಂದು ಹೇಳೀರಿ?" ಎಂದರು.

ಆ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಆದರೂ ಎಲ್ಲಿಂದ ಬಂತೋ ನನಗೆ ಧೈರ್ಯ.

"ಹೋಗೋವಾಗ ವಿಮಾನಕ್ಕ ನಾಕು ತಾಸು ಬೇಕ್ರಿ. ಬರೋವಾಗ ಗಾಳಿ ಬೆನ್ನಿಗಿರ್ತೈತಿ, ಅದಕ್ಕೂ ಕಡಿಮಿ. ನನ್ನ ಮುಂಜಾನಿ ಲೆಕ್ಕ ಹಿಡದ್ರ ಐದು ತಾಸು ಆಗ್ತೈತಿ. ಅದು ಹೆಂಗ ಆದೀತು, ಹೋಗಿ ಬಂದೋರು ಯಾರರ ಇದ್ರ ಹೇಳ್ರಿ."

ಮೂಲೆಯಲ್ಲಿದ್ದ ಒಬ್ಬ ಮುದುಕರು ಕೆಮ್ಮಿದರು. "ಖರೆ ಹೇಳಾಕತ್ತಾಳ. ನಾ ದುಬೈ ಬಿಟ್ಟು ಬರೋವಾಗ ಅವರು ಕೊಟ್ಟಿದ್ದು ತಿಂದು ಕಣ್ಣು ಮುಚ್ಚೋದ್ರಾಗ ಹೈದರಾಬಾದ್ ಬಂದಿತ್ತು. ಐದು ತಾಸು ಎಲ್ಲೀದು?"

ಹುಸೇನ್‌ಸಾಬ್ ಹಿರಿಯರ ಮುಖ ನೋಡಿದರು. "ಅಸರ್ ತನಕ ಇಡೋಣು. ಅದರ ಮ್ಯಾಲೆ ಒಂದು ನಿಮಿಷ ಇಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಒಳಗ ಹೆಣ್ಣುಮಕ್ಕಳ ಕಡೆ ಹೋಗ್ರಿ ಅಮ್ಮಾ. ಬಿಸಲಾಗ ನಿಲ್ಲಬ್ಯಾಡ್ರಿ" ಎಂದರು.

ಒಳಗೆ ಮಾಬಮ್ಮನನ್ನು ಐಸ್ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಾನು ಆಕೆಯನ್ನು ಬದುಕಿದ್ದಾಗ ನೋಡಿರಲಿಲ್ಲ. ಸಣ್ಣ ಮುಖ, ಗದ್ದದ ಮೇಲೆ ಹಚ್ಚೆ. ಶಾಹೀನ ತಲೆಯ ಹತ್ತಿರ ಕುಳಿತಿದ್ದಳು. ನನಗೆ ತನ್ನ ಪಕ್ಕ ಜಾಗ ಮಾಡಿಕೊಟ್ಟಳು. ತಪ್ಪು ಮಾಡಿದವಳು ನಾನೇ ಎಂದು ಅವಳಿಗೆ ಹೊರಗಿನ ಮಾತು ಕೇಳಿ ಗೊತ್ತಾಗಿತ್ತು.

ಸ್ವಲ್ಪ ಹೊತ್ತಿಗೆ ಮೆಲ್ಲಗೆ ಕೇಳಿದಳು. "ಅಕ್ಕಾ, ಈಗ ಅಣ್ಣ ಎಲ್ಲಿ ಇರಬೇಕು?"

ನಾನು ಗೋಡೆಯ ಗಡಿಯಾರ ನೋಡಿ ಮನಸ್ಸಿನಲ್ಲೇ ದಾರಿ ಅಳೆದೆ. "ಮೆಹಬೂಬನಗರ ದಾಟಿರಬೇಕು."

ಮತ್ತೆ ಕೇಳಿದಳು. "ಈಗ?"

"ಕೃಷ್ಣಾ ಹೊಳಿ ದಾಟಿರಬೇಕು."

"ಈಗ?"

"ರಾಯಚೂರಿನಾಗ ಮಂದಿ ಭಾಳ. ಅಲ್ಲಿ ಸ್ವಲ್ಪ ನಿಂತಿರ್ತಾನ."

ಅವಳು ಪ್ರತಿ ಸಲ ಬಗ್ಗಿ ತಾಯಿಯ ಕಿವಿಯ ಹತ್ತಿರ ಅದನ್ನು ದಖ್ಖನಿ ಉರ್ದುವಿನಲ್ಲಿ ಹೇಳುತ್ತಿದ್ದಳು. ಮೂರು ತಾಸು ನಾನು ಅಲ್ಲಿಂದ ಏಳಲಿಲ್ಲ. ಜೀವಮಾನದಲ್ಲಿ ಅಷ್ಟು ಹುಷಾರಾಗಿ ನಾನು ಯಾವ ದೂರವನ್ನೂ ಲೆಕ್ಕ ಮಾಡಿಲ್ಲ. ಟೈರು ಪಂಕ್ಚರ್ ಆದರೆ? ಕಾರು ಸಿಗದೆ ಬಸ್ಸು ಹತ್ತಿದ್ದರೆ? ಎರಡನೆಯ ಸಲವೂ ತಪ್ಪಿದರೆ ಈ ಹುಡುಗಿಯ ಮುಖ ಹೇಗೆ ನೋಡಲಿ?

ಅಸರ್ ಅಜಾನ್ ಆಯಿತು. ಅಷ್ಟೊತ್ತಿಗೆ ಪೆಟ್ಟಿಗೆಯಿಂದ ತೆಗೆದು ಡೋಲಿಯಲ್ಲಿ ಮಲಗಿಸಿದ್ದರು. ಗಂಡಸರು ಮಸೀದಿಗೆ ಹೋಗಿ ನಮಾಜು ಮುಗಿಸಿ ತಿರುಗಿ ಬಂದರು. ಶಾಹೀನ ನನ್ನ ಕಡೆ ನೋಡಿದಳು. "ಕವಿತಾಳ ದಾಟಿರಬೇಕು" ಎಂದೆ. ಅದರ ಮುಂದೆ ನನ್ನ ಲೆಕ್ಕದಲ್ಲಿ ಯಾವ ಊರೂ ಉಳಿದಿರಲಿಲ್ಲ.

ಹುಸೇನ್‌ಸಾಬ್ ಬಾಗಿಲಲ್ಲಿ ನಿಂತರು. ಒಂದು ನಿಮಿಷ ಇಲ್ಲ ಎಂದವರು ಡೋಲಿಯ ಮೇಲಿನ ಹೂವಿನ ಚಾದರ ನೋಡಿ, "ಇದೇನು, ಹೂವು ಕಡಿಮಿ ಬಿದ್ದಾವ. ಇನ್ನೊಂದು ತರ್ರಿ" ಎಂದರು. ಹೂವೇನೂ ಕಡಿಮೆ ಇರಲಿಲ್ಲ. ಒಬ್ಬರು ಬಜಾರಕ್ಕೆ ಓಡಿದರು. ಯಾರೂ ಎದುರು ಮಾತಾಡಲಿಲ್ಲ, ಮಧ್ಯಾಹ್ನ ನನ್ನನ್ನು ಹಂಗಿಸಿದವರು ಕೂಡ.

ಹೂವು ಬರುವ ಮುಂಚೆ ಕಾರು ಬಂತು.

ರಜಾಕ್ ಚಪ್ಪಲಿ ಬಿಟ್ಟದ್ದೇ ಒಳಗೆ ಬಂದ. ಹೆಂಗಸರು ದಾರಿ ಬಿಟ್ಟರು. ಶಾಹೀನ ಬಟ್ಟೆ ಸರಿಸಿ ಮುಖ ತೋರಿಸಿದಳು. ಅವನು ಮೊಳಕಾಲೂರಿ ಕುಳಿತು, ದೂರದ ಊರಿಂದ ಬಂದ ಮಗ ಹೊಸ್ತಿಲಲ್ಲಿ ಕೂಗಿ ಹೇಳುವ ಹಾಗೆ, "ಅಮ್ಮೀ, ಮೈ ಆಗ್ಯಾ" ಎಂದ. ಬಂದೆ ಎಂದ. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಿ ಬಂದರು. ನಾನು ಬಸ್ಸಿಗೆ ಹೊರಟಾಗ ರಜಾಕ್ ಅಂಗಳದಲ್ಲಿ ಕೈ ತೊಳೆಯುತ್ತಿದ್ದ. ಅವನಿಗೆ ಯಾರೂ ಹೇಳಿರಲಾರರು ಎನಿಸಿತು. ಹೇಳದೆ ಹೋಗಲು ಕಾಲು ಬರಲಿಲ್ಲ.

"ತಮ್ಮಾ, ನಾ ಟಿಕೆಟ್ ಅಂಗಡಿಯಾಕಿ. ನಾ ಲೆಕ್ಕ ತಪ್ಪಿ ಹೇಳಿದ್ದೆ. ಎರಡು ಗಂಟಿಗೆ ಒಯ್ಯೋರಿದ್ರು."

"ಚಾಚಾ ಹೇಳ್ಯಾರ ಅಕ್ಕಾ" ಎಂದ. ಕೈ ಒರೆಸಿಕೊಂಡು, "ನಡೀರಿ, ಬಸ್‌ಸ್ಟ್ಯಾಂಡ್ ತನಕ ಬರ್ತೀನಿ" ಎಂದ. ಬೇಡ ಎಂದರೂ ಕೇಳಲಿಲ್ಲ.

ಅರ್ಧ ದಾರಿಗೆ ಅವನೇ ಮಾತು ತೆಗೆದ. "ವಿಮಾನದಾಗ ಸೀಟಿನ ಮುಂದ ಒಂದು ಟಿವಿ ಇರ್ತೈತಿ ಅಕ್ಕಾ. ಎಷ್ಟು ದೂರ ಉಳದೈತಿ ಅಂತ ತೋರಸ್ತೈತಿ. ಬ್ಯಾರೆ ಏನೂ ನೋಡ್ಲಿಲ್ಲ ನಾ. ಎರಡು ಸಾವಿರ ಇದ್ದದ್ದು ಸಾವಿರ ಆತು, ನೂರು ಆತು, ಸೊನ್ನಿ ಆತು. ಹೈದರಾಬಾದ್ ಬಂತು, ಅಮ್ಮಿ ಬರಲಿಲ್ಲ. ಅಲ್ಲಿಂದ ಮುಂದ ಎಷ್ಟು ಉಳದೈತಿ ಅಂತ ಹೇಳೋರು ಯಾರೂ ಇದ್ದಿಲ್ಲ. ಡ್ರೈವರನ ಫೋನಿಲೆ ಚಾಚಾಗ ಎಷ್ಟು ಸಲ ಹಚ್ಚಿದೆ, ಹತ್ತಲಿಲ್ಲ. ಶಾಹೀನ ಹೇಳಿದ್ಲು, ಮುಂದಿಂದು ನೀವು ಆಕಿ ಬಾಜೂ ಕುಂತು ಹೇಳಿದ್ರಂತ. ಅಮ್ಮಿಗೂ ಕೇಳಿಸ್ತಿತ್ತಂತ."

ಅಷ್ಟರಲ್ಲಿ ನಿಲ್ದಾಣ ಬಂದಿತ್ತು.

ಬಸ್ಸು ಬಂತು. ಅವನು ಹತ್ತಿ ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟು ಕೆಳಗಿಳಿದ.

"ಸಿಂಧನೂರಿಗೆ ಎಷ್ಟು ತಾಸು ಅಕ್ಕಾ?"

"ಮುಕ್ಕಾಲು ತಾಸು."

"ಮುಟ್ಟಿದ ಮ್ಯಾಲೆ ಫೋನ್ ಮಾಡ್ರಿ. ಚಾಚಾನ ಫೋನ್ ಚಾರ್ಜಿಗೆ ಹಾಕೀನಿ."

ಅಂಗಡಿಯ ಶಟರ್ ಎಳೆಯುವ ಮೊದಲು ಅಲ್ಲಿಂದಲೇ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದ.